ಕಾಜಕ್ಕನ ಬೂದು ಹಲಗೆ

ಕಾಜಕ್ಕನಿಗೆ ಆ ಹೆಸರು ಬಂದದ್ದು ಹೊಲಿಗೆ ಅಂಗಡಿಯಿಂದ. ಇಪ್ಪತ್ತೆರಡು ವರ್ಷ ಆಕೆ ಬೇರೇನೂ ಹೊಲಿಯಲಿಲ್ಲ. ಅಂಗಿಗೆ ಗುಂಡಿ ತೂರುವ ಕಾಜಾ ಹಾಕಿದಳು, ಗುಂಡಿ ಕೂರಿಸಿದಳು, ಮತ್ತೊಂದು ಅಂಗಿ ತೆಗೆದು ಮತ್ತೆ ಕಾಜಾ ಹಾಕಿದಳು. ಕಿಟಕಿಯಿಲ್ಲದ ಮೂಲೆ, ತಲೆಯ ಮೇಲೊಂದು ಟ್ಯೂಬ್‌ಲೈಟು, ಮಡಿಲಲ್ಲಿ ಯಾರದೋ ಅಂಗಿ. ಈ ಪೇಟೆಯ ಗಂಡಸರು ಎದೆ ಮುಚ್ಚಿಕೊಂಡು ಮರ್ಯಾದೆಯಿಂದ ತಿರುಗುತ್ತಿದ್ದರೆ ಅದು ನನ್ನ ದಯೆ ಎಂದು ಹೇಳಿ ಆಕೆ ನಗುತ್ತಿದ್ದಳು. ನಗು ಆಕೆಗೆ ಬಲು ಸಲೀಸು. ನಗುವುದಕ್ಕೊಂದು ಕಾರಣ ಬೇಕು ಎನ್ನುವವರನ್ನು ಕಂಡರೆ ಅದಕ್ಕೂ ನಗುತ್ತಿದ್ದಳು.

ನಲವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ದಿನ ಆಲೂಗಡ್ಡೆ ಬೆಳೆಗಾರರ ಸಂಘಕ್ಕೆ ಕಿಟಕಿಯ ಪರದೆ ತಲುಪಿಸಲು ಹೋದಳು. ಸಂಘದವರು ಆಗಷ್ಟೇ ಒಂದು ಡ್ರೋನ್ ತರಿಸಿದ್ದರು. ಹಿಂದಿನ ಬಯಲಿನಲ್ಲಿ ಅದನ್ನು ಹಾರಿಸುವ ಪಾಠ ನಡೆಯುತ್ತಿತ್ತು. ಮೂವರು ಗಟ್ಟಿಮುಟ್ಟಾದ ಯುವಕರು ಒಂದು ಕೈ ನೋಡಿಯಾಗಿತ್ತು. ಒಬ್ಬ ಅದನ್ನು ಬೇಲಿಗೆ ಸಿಕ್ಕಿಸಿದ್ದ, ಇನ್ನೊಬ್ಬ ನೀರಿನ ತೊಟ್ಟಿಯ ಅಂಚಿಗೆ ತಂದಿದ್ದ, ಮೂರನೆಯವನು ಸೀದಾ ಅಧ್ಯಕ್ಷರ ತಲೆಯ ಮೇಲೆ ಬಿಟ್ಟಿದ್ದ. ಕಲಿಸಲು ಬಂದವನಿಗೆ ಸಾಕುಸಾಕಾಗಿ, ಪರದೆಯ ಗಂಟು ಹೊತ್ತು ಬಾಯಿ ಬಿಟ್ಟುಕೊಂಡು ನಿಂತಿದ್ದ ಈಕೆಯತ್ತ ತಿರುಗಿ, "ಅಕ್ಕಾ, ನೀವೊಂದ್ಸಲ ಹಿಡೀರಿ ನೋಡೋಣ" ಎಂದ.

ಇಪ್ಪತ್ತೆರಡು ವರ್ಷ ಒಂದು ಎಳೆ ತಪ್ಪದೆ ಸೂಜಿ ಹಿಡಿದ ಹೆಬ್ಬೆರಳುಗಳು. ಯಂತ್ರ ನೆಟ್ಟಗೆ ಮೇಲೆದ್ದು, ಸೂರಿಗೆ ತೂಗುಬಿಟ್ಟ ದೀಪದ ಹಾಗೆ ಗಾಳಿಯಲ್ಲಿ ಅಲ್ಲಾಡದೆ ನಿಂತಿತು. ಕಾಜಕ್ಕ ಅದನ್ನು ನೋಡಿದಳು, ತನ್ನ ಕೈಗಳನ್ನು ನೋಡಿದಳು, ಆಮೇಲೆ "ಅಯ್ಯೋ, ನನ್ನ ಹೊಟ್ಟೆನೂ ಮೇಲೆ ಹೋಯ್ತಲ್ರೀ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಹೊಟ್ಟೆ ಮೂರು ಬೆಳೆ ಕಳೆದರೂ ಕೆಳಗಿಳಿದಿರಲಿಲ್ಲ. ಯಂತ್ರ ಏರಿದಾಗಲೆಲ್ಲ ಆಕೆಯೂ ಏರುತ್ತಿದ್ದಳು. ಹೊಲದ ನಡುವೆ ಒಬ್ಬಳೇ ನಿಂತು ಆಕಾಶ ನೋಡಿ ಕಿಲಕಿಲ ನಗುವ ಹೆಂಗಸನ್ನು ಕಂಡು ದಾರಿಹೋಕರು ಸೈಕಲ್ ನಿಲ್ಲಿಸುತ್ತಿದ್ದರು.

ಮೂರು ಬೆಳೆಯ ಮಟ್ಟಿಗೆ ಪರೀಕ್ಷೆಗೆಂದು ಸಂಘದವರು ಅದನ್ನು ಹಾರಿಸುವ ಕೆಲಸವನ್ನು ಅವಳಿಗೇ ಕೊಟ್ಟಿದ್ದರು. ಕೆಲಸವೇನೆಂದರೆ, ಬೆಳೆಗೆ ರೋಗ ಬರುವುದನ್ನು ಮೇಲಿನಿಂದ ಹಿಡಿಯುವುದು. ಆರೋಗ್ಯವಾಗಿರುವ ಎಲೆ ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಗಬಗಬ ತಿನ್ನುತ್ತದೆ. ಜ್ವರ ಬರುವ ಮುಂಚೆ ಮಗು ಊಟ ಬಿಡುತ್ತದಲ್ಲ, ಹಾಗೆ ರೋಗ ತಗಲಿದ ಎಲೆಗೂ ಮೊದಲು ಹಸಿವು ಕೆಡುತ್ತದೆ. ಅದು ಕೆಂಪನ್ನು ತಿನ್ನದೆ ವಾಪಸ್ಸು ಕಳಿಸುತ್ತದೆ. ನಮ್ಮ ಕಣ್ಣಿಗೆ ಚುಕ್ಕೆ ಕಾಣುವುದಕ್ಕೆ ನಾಲ್ಕು ದಿನ ಮುಂಚೆಯೇ ಡ್ರೋನಿನ ಕ್ಯಾಮೆರಾಕ್ಕೆ ಈ ಗುಟ್ಟು ಗೊತ್ತಾಗುತ್ತದೆ. ಕಂಪ್ಯೂಟರು ಅದನ್ನೆಲ್ಲ ಕೂಡಿಸಿ ನಕ್ಷೆ ಬರೆಯುತ್ತದೆ. ಹಸಿರಿದ್ದರೆ ಕ್ಷೇಮ, ಹಳದಿಯಿದ್ದರೆ ಅನುಮಾನ, ಕೆಂಪಾದರೆ ರೋಗ. ಕೆಂಪು ಕಂಡಲ್ಲಿಗೆ ಕಾಜಕ್ಕ ಸ್ಕೂಟರಿನಲ್ಲಿ ಹೋಗಿ ಎಲೆ ಮಗುಚಿ ನೋಡುತ್ತಿದ್ದಳು. ಆಲೂಗಡ್ಡೆಯ ಅಂಗಮಾರಿ ರೋಗವನ್ನು ಹೀಗೆ ಆರು ಕಡೆ, ಪಕ್ಕದ ಹೊಲಕ್ಕೆ ಹಾರುವ ಮುಂಚೆ, ಹಿಡಿದು ಹಾಕಿದ್ದಳು.

ಇದಕ್ಕೆಲ್ಲ ಆಧಾರ ಒಂದು ಬೂದು ಹಲಗೆ. ಎರಡು ಅಂಗೈ ಅಗಲ, ನುಣುಪು ಮೈ, ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿ ಅದರ ವಾಸ. ಬಿಸಿಲು ದಿನಕ್ಕೊಂದು ಥರ, ಆದರೆ ಹಲಗೆಯ ಬಣ್ಣ ಬದಲಾಗುವುದಿಲ್ಲ. ಹಾರುವ ಮುಂಚೆ ಕ್ಯಾಮೆರಾಕ್ಕೆ ಹಲಗೆ ತೋರಿಸಿದರೆ ಇವತ್ತಿನ ಬೆಳಕು ಹೇಗಿದೆ ಎಂದು ಅದು ತಿಳಿದುಕೊಳ್ಳುತ್ತದೆ. ಅಂಗಡಿಯಲ್ಲಿ ತೂಕದ ಬಟ್ಟು ಇದ್ದ ಹಾಗೆ. ಬಟ್ಟು ಕೆಟ್ಟರೆ ಅಂಗಡಿಯ ತೂಕವೆಲ್ಲ ಸುಳ್ಳು.

ಇಷ್ಟು ದೊಡ್ಡ ಕೆಲಸ ಮಾಡುವ ಸೊಸೆಯ ಬಗ್ಗೆ ಅತ್ತೆಗೆ ಇದ್ದದ್ದು ಒಂದೇ ಮಾತು: "ಆಕಾಶದ ಚಟ." ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಬಂದರೆ ಹೆಚ್ಚು. ಮನೆಯಲ್ಲಿ ಇರುವವರು ಇಬ್ಬರೇ ಹೆಂಗಸರು. ಮೂರು ಬೆಳೆಗಳಲ್ಲಿ ಅತ್ತೆ ಒಂದು ಸಲವೂ ಹೊರಗೆ ಬಂದು ತಲೆಯೆತ್ತಿ ನೋಡಿರಲಿಲ್ಲ. ಬೆಳಿಗ್ಗೆ ಪೆಟ್ಟಿಗೆ ಹೊತ್ತು "ಹೋಗಿ ಬರ್ತೀನಿ ಅತ್ತೆ" ಎಂದರೆ ಒಳಗಿನಿಂದ "ಬಾಗಿಲು ಎಳ್ಕೊ" ಎಂದಷ್ಟೇ ಉತ್ತರ ಬರುತ್ತಿತ್ತು. ಲೋಕವೆಲ್ಲ ಹೊಗಳಿದರೂ ಆ ಒಂದು ಬಾಯಿಯಿಂದ ಒಂದು ಒಳ್ಳೆಯ ಮಾತು ಬಾರದ್ದು ಕಾಜಕ್ಕನಿಗೆ ಒಳಗೇ ಚುಚ್ಚುತ್ತಿತ್ತು. ಅದನ್ನೂ ನಕ್ಕು ಮರೆಸುತ್ತಿದ್ದಳು.

ನಾನು ಹೇಳಹೊರಟಿರುವ ದಿನ ಕಾಜಕ್ಕನ ಕಾಲು ನೆಲದ ಮೇಲೆ ಇರಲಿಲ್ಲ. ಮೂರು ಬೆಳೆಯ ಪರೀಕ್ಷೆಯ ಕಾಲ ಮುಗಿದಿತ್ತು. ಅಂದು ಸಂಜೆ ನಾಲ್ಕಕ್ಕೆ ಸಂಘದ ಸಭೆ. ಡ್ರೋನ್ ಇಟ್ಟುಕೊಳ್ಳುವುದೋ ಮಾರುವುದೋ ಎಂದು ಕೈ ಎತ್ತಿ ತೀರ್ಮಾನ. ಇಟ್ಟುಕೊಂಡರೆ ಕಾಜಕ್ಕನ ಕೆಲಸ ಕಾಯಂ, ಮಾರಿದರೆ ಟ್ಯೂಬ್‌ಲೈಟಿನ ಕೆಳಗಿನ ಮೂಲೆ ಕಾದೇ ಇತ್ತು. ಮಾರಬೇಕೆನ್ನುವ ಪಕ್ಷಕ್ಕೆ ನಾಯಕ ಒಬ್ಬ ಹಿರಿಯ ಬೆಳೆಗಾರ. ಕೊರಳಿಗೆ ದಾರ ಕಟ್ಟಿ ಭೂತಗನ್ನಡಿ ನೇತುಹಾಕಿಕೊಂಡು ಒಂದೊಂದೇ ಎಲೆ ನೋಡುತ್ತಾ ಹೋಗುವುದು ಅವನ ಪದ್ಧತಿ, ಹಾಗಾಗಿ ಅವನ ಹೆಸರೂ ಭೂತಗನ್ನಡಿ. "ನನ್ನ ಬೆಳೆ ನನ್ನ ಕಣ್ಣಿಗೆ ಕಾಣದೆ ಕಾಗೆ ಕಣ್ಣಿಗೆ ಕಾಣುತ್ತಾ?" ಎಂದು ಅವನು ಕೇಳುತ್ತಿದ್ದ.

ಆದರೂ ಗೆಲ್ಲುವುದು ತಾನೇ ಎಂದು ಕಾಜಕ್ಕನಿಗೆ ಗೊತ್ತಿತ್ತು. ತಲೆಗೆ ಹಳದಿ ಟೋಪಿ ಹಾಕಿಕೊಂಡಳು, ಸ್ಕೂಟರಿನ ಮೇಲೆ ಹಾಡಿದಳು. ಹೊಲದ ಅಂಚಿನಲ್ಲಿ ಪೆಟ್ಟಿಗೆ ಬಿಚ್ಚಿ, ಹಲಗೆ ನೆಲಕ್ಕಿಟ್ಟು ಫೋಟೋ ತೆಗೆದಳು. ಹಾರುವ ಮುಂಚೆ ತುಂಬುವ ಪಟ್ಟಿಯಲ್ಲಿ "ಹಲಗೆ ಸ್ವಚ್ಛವಿದೆಯೇ?" ಎಂಬ ಪ್ರಶ್ನೆಯಿದೆ. ಅದರ ಮುಂದೆ ಟಿಕ್ ಹಾಕಿದಳು. ಹಲಗೆಯನ್ನು ನೋಡಲಿಲ್ಲ. ಅವಳ ಕಣ್ಣು ಆಗಲೇ ಆಕಾಶದಲ್ಲಿತ್ತು.

ಒಂದು ಗಂಟೆಗೆ ನಕ್ಷೆ ಬಂತು. ಸಂಘದ ಕಛೇರಿಯಲ್ಲಿ ಕಾರ್ಯದರ್ಶಿ ಎಂಬ ಕನ್ನಡಕದ ಹುಡುಗ, ಮೂವತ್ತಾದರೂ ಎಲ್ಲರಿಗೂ ಹುಡುಗನೇ, ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. ಊರಿಗೆ ಊರೇ ಕೆಂಪು. ಒಂದು ಹೊಲವೂ ಉಳಿದಿರಲಿಲ್ಲ.

ಸಂಘಕ್ಕೊಂದು ನಿಯಮವಿತ್ತು. ನಕ್ಷೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೆಂಪು ಬಂದರೆ ಅಂದೇ ಎಲ್ಲರೂ ಗಿಡದ ತಲೆ ಕತ್ತರಿಸಬೇಕು. ತಲೆ ಹೋದರೆ ರೋಗ ನೆಲದೊಳಗಿನ ಗಡ್ಡೆಗೆ ಇಳಿಯುವುದಿಲ್ಲ, ಆದರೆ ಗಡ್ಡೆ ಬೆಳೆಯುವುದೂ ಇಲ್ಲ. ಆಗ ಗಡ್ಡೆ ಇದ್ದದ್ದು ಗೋಲಿಯ ಗಾತ್ರ. ಅಧ್ಯಕ್ಷರು ತಲೆಯ ಮೇಲೆ ಕೈಯಿಟ್ಟುಕೊಂಡು, "ಸಭೆ ಮುಗಿದ ಕೂಡ್ಲೆ ಐದು ಗಂಟೆಗೆ ಕತ್ತರಿಸೋದು ಶುರು ಮಾಡ್ಬೇಕು. ಎಲ್ರಿಗೂ ಹೇಳಿ" ಎಂದರು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅರ್ಧ ಗಂಟೆಯಲ್ಲಿ ಎಲ್ಲಾ ಮನೆಗಳ ಹಿತ್ತಲಿನಲ್ಲಿ ಕುಡುಗೋಲು ಮಸೆಯುವ ಸದ್ದು ಕೇಳತೊಡಗಿತು.

ಕಾಜಕ್ಕ ಮೂರು ಹೊಲಗಳಿಗೆ ಓಡಿದಳು. ಎಲೆ ಮಗುಚಿದಳು. ಎಲ್ಲಾ ಎಲೆಗಳೂ ಹೊಸ ಬಟ್ಟೆ ತೊಟ್ಟ ಮಕ್ಕಳ ಹಾಗೆ ಲಕಲಕ ಎನ್ನುತ್ತಿದ್ದವು. ಆದರೆ ಅದನ್ನು ಯಾರ ಮುಂದೆ ಹೇಳುವುದು? ಕಣ್ಣಿಗೆ ಕಾಣುವ ಮುಂಚೆಯೇ ಯಂತ್ರಕ್ಕೆ ಕಾಣುತ್ತದೆ ಎಂದು ಮೂರು ಬೆಳೆಗಳಿಂದ ಡಂಗುರ ಹೊಡೆದವಳು ತಾನೇ. ಈಗ ಕಣ್ಣಿಗೆ ಕಾಣುತ್ತಿಲ್ಲ ಎಂದರೆ, ಇನ್ನೂ ನಾಲ್ಕು ದಿನ ತಡಿಯಮ್ಮ ಕಾಣುತ್ತೆ ಎನ್ನುತ್ತಾರೆ. ತಾನು ಹೊಲಿದ ಅಂಗಿಯಲ್ಲಿ ತಾನೇ ಸಿಕ್ಕಿಕೊಂಡಿದ್ದಳು.

ಮೂರು ಗಂಟೆಗೆ ಕಛೇರಿಗೆ ಬಂದು ಮತ್ತೆ ನಕ್ಷೆಯ ಮುಂದೆ ಕೂತಳು. ಮೊದಲ ಸಲ ಕೆಂಪನ್ನು ಬಿಟ್ಟು ಊರನ್ನು ನೋಡಿದಳು. ಆಲೂಗಡ್ಡೆ ಕೆಂಪು. ಕೋಸಿನ ಹೊಲವೂ ಕೆಂಪು. ಶಾಲೆಯ ಆಟದ ಮೈದಾನದ ಹುಲ್ಲು ಕೆಂಪು. ಕಛೇರಿಯ ಮುಂದಿನ ಮುದಿಮರ, ಅದರ ನೆರಳಲ್ಲೇ ಅವಳ ಸ್ಕೂಟರು ನಿಂತಿತ್ತು, ಅದೂ ಕೆಂಪು.

"ಏನೋ ಇದು, ಆಲೂಗಡ್ಡೆ ರೋಗ ಫುಟ್‌ಬಾಲ್ ಮೈದಾನಕ್ಕೂ ಬಂತಾ?" ಎಂದಳು.

ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡ. "ಮರಕ್ಕೂ ಬಂದಿದೆ ಅಕ್ಕಾ."

ಕಾಜಕ್ಕನ ಕೈ ತಾನಾಗಿ ಪೆಟ್ಟಿಗೆಯತ್ತ ಹೋಯಿತು. ಹಲಗೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಬೂದು ಬಣ್ಣವೇ, ಆದರೆ ಎಲ್ಲೋ ಒಂದಿಷ್ಟು ಹಸಿರು ಛಾಯೆ. ಮೇಲೆ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಮೂಗಿನ ಹತ್ತಿರ ತಂದಳು. ಕೊತ್ತಂಬರಿ ಸೊಪ್ಪಿನ ಘಮ.

ಹಿಂದಿನ ಸಂಜೆ ಬ್ಯಾಟರಿ ಚಾರ್ಜ್ ಮಾಡಲು ಪೆಟ್ಟಿಗೆಯನ್ನು ಮನೆಗೆ ಒಯ್ದು ಅಡುಗೆಮನೆಯ ಮೇಜಿನ ಮೇಲಿಟ್ಟದ್ದು ನೆನಪಾಯಿತು. ಅದೇ ವಾರ ತರಕಾರಿ ಹೆಚ್ಚುವ ಮಣೆ ಸೀಳಿ ಎರಡಾದದ್ದೂ ನೆನಪಾಯಿತು. ಫೋನ್ ಮಾಡಿದಳು.

"ಅತ್ತೆ, ನಿನ್ನೆ ಕೊತ್ತಂಬರಿ ಯಾವುದರ ಮೇಲೆ ಹೆಚ್ಚಿದ್ರಿ?"

"ಯಾಕೆ, ರುಚಿ ಕೆಟ್ಟಿತ್ತಾ?"

"ಊಟ ಚೆನ್ನಾಗಿತ್ತು ಅತ್ತೆ. ಹೊಲ ಕೆಟ್ಟಿದೆ. ಯಾವುದರ ಮೇಲೆ ಹೆಚ್ಚಿದ್ರಿ?"

"ನಿನ್ನ ಪೆಟ್ಟಿಗೇಲಿ ಒಂದು ಮಣೆ ಇತ್ತು. ಅಷ್ಟು ಒಳ್ಳೆ ಮಣೇನ ಸ್ಪಂಜಲ್ಲಿ ಮಲಗಿಸಿ ಯಾರಾದ್ರೂ ಇಡ್ತಾರಾ? ತೊಳೆದು, ಒರೆಸಿ, ಇದ್ದ ಜಾಗದಲ್ಲೇ ಇಟ್ಟಿದೀನಮ್ಮ, ಏನೂ ಮುಕ್ಕಾಗಿಲ್ಲ."

ಕಾಜಕ್ಕ ನೆಲದ ಮೇಲೆ ಕೂತುಬಿಟ್ಟಳು. ಅಳು ಬರಬೇಕಾಗಿತ್ತು, ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು, ಟೋಪಿ ಜಾರುವ ಹಾಗೆ ನಕ್ಕಳು. ಸೊಪ್ಪಿನ ರಸ ಹಲಗೆಯ ಮೈಗೆ ಇಳಿದಿತ್ತು. ಸೊಪ್ಪಿನ ಬುದ್ಧಿ ಸೊಪ್ಪಿಗೆ, ಹಲಗೆಯ ಮೇಲೆ ಕೂತೂ ಅದು ಕೆಂಪು ಬೆಳಕನ್ನು ತಿಂದಿತ್ತು. ಇವತ್ತು ಬಿಸಿಲಿನಲ್ಲೇ ಕೆಂಪು ಕಡಿಮೆ ಎಂದು ಕ್ಯಾಮೆರಾ ನಂಬಿತ್ತು. ಹಾಗಾಗಿ ಹೊಲದಿಂದ ವಾಪಸ್ಸು ಬಂದ ಚೂರುಪಾರು ಕೆಂಪೆಲ್ಲ ಅದಕ್ಕೆ ರಾಶಿಯಾಗಿ ಕಂಡಿತ್ತು. ಒಂದು ಕಟ್ಟು ಕೊತ್ತಂಬರಿ ಊರಿನ ಎಲೆಗಳಿಗೆಲ್ಲ ಹಸಿವು ಕೆಡಿಸಿತ್ತು.

ಫೋನಿನಲ್ಲಿ ಅತ್ತೆ "ಏನಾಯ್ತು, ಏನಾಯ್ತು" ಎನ್ನುತ್ತಿದ್ದರು. ಕಾಜಕ್ಕ ಉಸಿರು ತಂದುಕೊಂಡು ಎಲ್ಲವನ್ನೂ ಹೇಳಿದಳು, ಕುಡುಗೋಲಿನ ಸಂಗತಿಯನ್ನೂ ಹೇಳಿದಳು. ಆ ಕಡೆ ಫೋನ್ ಇಟ್ಟ ಸದ್ದು.

ಬೀರುವಿನಲ್ಲಿ ಇನ್ನೊಂದು ಹೊಸ ಹಲಗೆ ಸುತ್ತಿದ ಕಾಗದವನ್ನೂ ಬಿಚ್ಚದೆ ಕೂತಿತ್ತು. ಸೂರ್ಯ ಇನ್ನೂ ಮೇಲಿದ್ದ. ಕಾಜಕ್ಕ ಓಡಿದಳು, ಹಲಗೆ ತೋರಿಸಿದಳು, ಹಾರಿಸಿದಳು. ಇಪ್ಪತ್ತು ನಿಮಿಷ ಯಂತ್ರ ಸುತ್ತಿ ಬಂತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಹೊಸ ನಕ್ಷೆ ಪರದೆಯ ಮೇಲೆ ಬಿಚ್ಚಿಕೊಂಡಿತು. ಹಸಿರು, ಹಸಿರು, ಬರೀ ಹಸಿರು. ಒಂದು ಮೂಲೆಯಲ್ಲಿ ಮಾತ್ರ ಬೆಡ್‌ಶೀಟಿನಗಲ ಕೆಂಪು.

"ಅಕ್ಕಾ" ಎಂದ ಕಾರ್ಯದರ್ಶಿ ಮೆಲ್ಲಗೆ, "ಮೋಡ ಅಡ್ಡ ಬಂದಿತ್ತು ಅಂತ ಹೇಳಿಬಿಡೋಣ. ಯಾರು ಕೇಳ್ತಾರೆ? ಕೊತ್ತಂಬರಿ ಅಂದ್ರೆ ಎಲ್ರೂ ನಗ್ತಾರೆ, ನಕ್ಕು ಮಾರಿಬಿಡ್ತಾರೆ."

ಮೋಡದ ಮಾತು ಚೆನ್ನಾಗಿತ್ತು. ಮೆಟ್ಟಿಲು ಏರುವ ತನಕ ಕಾಜಕ್ಕ ಅದನ್ನೇ ಬಾಯಿಪಾಠ ಮಾಡಿಕೊಂಡಳು. ಬೆಳಿಗ್ಗೆ ಆಕಾಶದಲ್ಲಿ ಒಂದು ಹಿಡಿ ಹತ್ತಿಯಷ್ಟೂ ಮೋಡ ಇರಲಿಲ್ಲ, ಆದರೆ ಬೆಳಿಗ್ಗೆಯ ಆಕಾಶ ಯಾರಿಗೆ ನೆನಪಿರುತ್ತದೆ? ಒಳಗೆ ಹೋದಳು. ತಾನೇ ತಂದುಕೊಟ್ಟ ಪರದೆಗಳು, ನಲವತ್ತು ಕುರ್ಚಿ, ಕುರ್ಚಿಗಳ ಕೆಳಗೆ ಕುಡುಗೋಲುಗಳು. ಮುಂದಿನ ಸಾಲಿನಲ್ಲಿ ಭೂತಗನ್ನಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಮೋಡವನ್ನು ದೂರಿದರೆ ತನ್ನದೂ ಅದೇ ಕಥೆ ಎನಿಸಿತು. ಇವತ್ತು ಮೋಡ ಎಂದರೆ, ನಾಳೆ ನಿಜವಾಗಿ ಕೆಂಪು ಬಂದಾಗಲೂ ಇವರು ಮೋಡ ಎನ್ನುತ್ತಾರೆ.

"ಗಿಡ ಕತ್ತರಿಸಬೇಡಿ" ಎಂದಳು. "ಬೆಳಿಗ್ಗೆಯ ನಕ್ಷೆ ತಪ್ಪು. ಯಂತ್ರದ ತಪ್ಪಲ್ಲ, ನನ್ನ ತಪ್ಪು. ಬೂದು ಹಲಗೆ ಕೊಳೆಯಾಗಿತ್ತು. ನೋಡದೆ ಟಿಕ್ ಹಾಕಿದೆ."

"ಏನು ಕೊಳೆ?" ಅಧ್ಯಕ್ಷರು ಕೇಳಿದರು.

"ಕೊತ್ತಂಬರಿ."

ಸಭೆ ಒಂದು ಕ್ಷಣ ಕಣ್ಣು ಪಿಳುಕಿಸಿತು. "ಹಲಗೆ ಮೇಲೆ ಕೊತ್ತಂಬರಿ ಎಲ್ಲಿಂದ ಬಂತಮ್ಮಾ?" ಎಂದ ಭೂತಗನ್ನಡಿ.

ಕಾಜಕ್ಕ ಬಾಯಿ ತೆರೆದಳು. ಮನೆಯ ಹಿರಿಯ ಜೀವವನ್ನು ನಲವತ್ತು ಜನರ ಮುಂದೆ ನಿಲ್ಲಿಸಲು ನಾಲಿಗೆ ಏಳಲಿಲ್ಲ. "ನನ್ನ ಮನೆಯಿಂದ" ಎಂದಷ್ಟೇ ಹೇಳಿದಳು.

"ನನ್ನ ಚಾಕುವಿನಿಂದ" ಎಂದಿತು ಬಾಗಿಲಿನ ಕಡೆಯಿಂದ ಒಂದು ದನಿ.

ಅತ್ತೆ ನಿಂತಿದ್ದರು. ನಡೆದೇ ಬಂದಿದ್ದರು, ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ. "ಹೆಚ್ಚಿದೋಳು ನಾನು. ನನ್ನ ಮಣೆ ಒಡೆದಿತ್ತು, ಅವಳದ್ದು ತಗೊಂಡೆ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಮೂರು ಬೆಳೆಯಿಂದ ಆ ಪೆಟ್ಟಿಗೇಲಿ ಏನಿದೆ ಅಂತಾನೂ ಒಂದ್ಸಲ ಕೇಳ್ಲಿಲ್ಲ ನಾನು. ಕೇಳಿದ್ರೆ ಗೊತ್ತಿರ್ತಿತ್ತು. ತಪ್ಪು ಅವಳ ತಲೆಗೆ ಕಟ್ಬೇಡಿ."

ಮೊದಲು ನಕ್ಕದ್ದು ಅಧ್ಯಕ್ಷರು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಒಂದು ಕಟ್ಟು ಸೊಪ್ಪಿಗೆ ಊರಿನ ಬೆಳೆಯನ್ನೇ ಕೊಯ್ಯಲು ಹೊರಟಿದ್ದ ಜನ, ನೆಗಡಿ ಬರುವ ಮುಂಚೆಯೇ ಮೂಗು ಕೊಯ್ದುಕೊಳ್ಳಲಿದ್ದ ಜನ, ಕುರ್ಚಿಯ ಕೆಳಗಿನ ಕುಡುಗೋಲುಗಳನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿ ತಳ್ಳಿ ನಕ್ಕರು. ಕಾಜಕ್ಕನಿಗೂ ತಡೆಯಲಾಗಲಿಲ್ಲ. ಅತ್ತೆ ಮಾತ್ರ ಗಂಭೀರವಾಗಿ ನಿಂತಿದ್ದರು, ಅದನ್ನು ನೋಡಿ ಎಲ್ಲರಿಗೂ ಮತ್ತಷ್ಟು ನಗು.

ಭೂತಗನ್ನಡಿ ಕಾದ. "ನಕ್ಕಿದ್ದು ಮುಗೀತಾ? ಹೊಸ ನಕ್ಷೆ ಏನು ಹೇಳುತ್ತೆ?"

"ಎಲ್ಲಾ ಕ್ಷೇಮ ಯಜಮಾನ್ರೇ. ಒಂದು ಮೂಲೆ ಬಿಟ್ಟು." ಕಾಜಕ್ಕ ನಕ್ಷೆಯ ಮೇಲೆ ಬೆರಳಿಟ್ಟಳು. "ಅದು ನಿಮ್ಮದು. ಕಾಲುವೆ ಪಕ್ಕ."

ನಗು ನಿಂತಿತು. "ಆ ಮೂಲೆ ಇವತ್ತು ಬೆಳಿಗ್ಗೆ ನೋಡಿದೀನಿ" ಎಂದ ಅವನು. "ಅಲ್ಲೂ ಏನಾದ್ರೂ ಸೊಪ್ಪು ಹೆಚ್ಚಿದೀರಾ?"

"ನಡೀರಿ, ನೋಡೇಬಿಡೋಣ" ಎಂದಳು ಕಾಜಕ್ಕ. ಗೆದ್ದರೂ ಸೋತರೂ ಇದೇ ಕೊನೆಯ ಮಾತು ಎಂದು ಅವಳಿಗೂ ತಿಳಿದಿತ್ತು.

ಸಭೆಗೆ ಸಭೆಯೇ ಹೊಲಕ್ಕೆ ನಡೆಯಿತು, ಮಧ್ಯದಲ್ಲಿ ಬೇರೆ ಬೇರೆ ಚಪ್ಪಲಿಯ ಅತ್ತೆಯೂ. ಕಾಜಕ್ಕ ನಕ್ಷೆ ಹಿಡಿದು ಮೂರನೇ ಸಾಲಿಗೆ ಹೋಗಿ, ಬುಡದ ಒಂದು ಎಲೆಯನ್ನು ಮಗುಚಿ ಹಿಡಿದಳು. ಬರಿಗಣ್ಣಿಗೆ ಹಸಿರೇ. ಭೂತಗನ್ನಡಿ ಮಂಡಿಯೂರಿ ಕೂತು ಕನ್ನಡಿಯನ್ನು ಕಣ್ಣಿಗೆ ಹಿಡಿದ. ಬಹಳ ಹೊತ್ತು ನೋಡಿದ. ಆ ಎಲೆ ಬಿಟ್ಟು ಪಕ್ಕದ್ದು ನೋಡಿದ, ಅದರ ಪಕ್ಕದ್ದು ನೋಡಿದ. ಎದ್ದಾಗ ಅವನ ಮುಖ ಬೇರೆಯಾಗಿತ್ತು.

"ಬಿಳಿ ಬೂಷ್ಟು" ಎಂದ. "ಶುರುವಾಗಿದೆ." ಕೊರಳಿನ ಕನ್ನಡಿಯನ್ನು ಬೆರಳಿನಿಂದ ತಿರುಗಿಸುತ್ತಾ ನಿಂತ. "ಕನ್ನಡಿ ಏನೋ ತೋರಿಸುತ್ತೆ. ಎಲ್ಲಿ ಹಿಡೀಬೇಕು ಅಂತ ಯಾರಾದ್ರೂ ಹೇಳ್ಬೇಕಲ್ಲ. ಇಡೀ ಹೊಲದಲ್ಲಿ ಈ ಎಲೇನ ನಾನು ಹುಡುಕೋ ಹೊತ್ತಿಗೆ ಊರೇ ಹೋಗಿರ್ತಿತ್ತು." ಆಮೇಲೆ ಯಾರೂ ಕೇಳದೆಯೇ ಕೈ ಮೇಲೆತ್ತಿದ. ಅವನ ಹಿಂದೆ ಅಷ್ಟೂ ಕೈಗಳು ಎದ್ದವು. ಎಣಿಸುವ ಗೋಜಿಗೆ ಕಾರ್ಯದರ್ಶಿ ಹೋಗಲಿಲ್ಲ. ಬೆಡ್‌ಶೀಟಿನಗಲದ ಆ ಮೂಲೆಯನ್ನು ಭೂತಗನ್ನಡಿಯೇ ತನ್ನ ಕುಡುಗೋಲಿನಿಂದ ಕತ್ತರಿಸಿ ಚೀಲಕ್ಕೆ ತುಂಬಿದ.

ಅಂದಿನ ಸಭೆಯ ಪುಸ್ತಕದಲ್ಲಿ ಎರಡು ಠರಾವುಗಳಿವೆ, ಬೇಕಾದವರು ಹೋಗಿ ಓದಬಹುದು. ಒಂದು, ಡ್ರೋನ್ ಮತ್ತು ಅದನ್ನು ಹಾರಿಸುವವರು ಕಾಯಂ. ಎರಡು, ಹಾರಿಸುವವರ ಅತ್ತೆಯವರಿಗೆ ಸಂಘದ ವತಿಯಿಂದ ತರಕಾರಿ ಹೆಚ್ಚುವ ಮಣೆಯೊಂದನ್ನು ಕೊಡಿಸತಕ್ಕದ್ದು. ಎರಡನೆಯದನ್ನು ಸೂಚಿಸಿದವನು ಭೂತಗನ್ನಡಿ.

ಮರುದಿನ ಬೆಳಿಗ್ಗೆ ಕಾಜಕ್ಕ ಪೆಟ್ಟಿಗೆ ಹೊತ್ತು ಎಂದಿನಂತೆ "ಹೋಗಿ ಬರ್ತೀನಿ ಅತ್ತೆ" ಎಂದಳು. ಒಳಗಿನಿಂದ ಉತ್ತರದ ಬದಲು ಅತ್ತೆಯೇ ಬಂದರು, ಈ ಸಲ ಚಪ್ಪಲಿ ಸರಿಯಾಗಿತ್ತು. ಬಾಗಿಲು ತಾವೇ ಎಳೆದುಕೊಂಡು ಸ್ಕೂಟರಿನ ಹಿಂದೆ ಹತ್ತಿ ಕೂತರು. ಹೊಲದ ಅಂಚಿನಲ್ಲಿ ಇಳಿದು, ಪೆಟ್ಟಿಗೆಯಿಂದ ಹಲಗೆಯನ್ನು ಅಂಚು ಹಿಡಿದು ಎತ್ತಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು. ಕಾಜಕ್ಕ ಪಟ್ಟಿ ಹಿಡಿದು ಕಾದಳು.

"ಏನೂ ವಾಸನೆ ಇಲ್ಲ" ಎಂದರು ಅತ್ತೆ. ಸೊಸೆಯ ಕೈಗೆ ಹಲಗೆ ಕೊಟ್ಟು, ತಲೆಯೆತ್ತಿ ಆಕಾಶ ನೋಡಿದರು. "ಹಾರ್ಸು."

ಕಾಜಕ್ಕ ಟಿಕ್ ಹಾಕಿದಳು. ಅಕ್ಷರ ಕಾಣದಷ್ಟು ಕಣ್ಣು ತುಂಬಿತ್ತು, ಹೊಟ್ಟೆ ಆಗಲೇ ಮೇಲಕ್ಕೆ ಹೋಗಿತ್ತು, ಯಂತ್ರ ಇನ್ನೂ ನೆಲದ ಮೇಲೇ ಇತ್ತು.